ಅಂಕಿತ

ಮಸೂದೆಗೆ ರಾಜ್ಯಪಾಲರು ಹಾಕುವುದು ಅಂಕಿತ. ವ್ಯಾಕರಣದಲ್ಲಿ ರಾಮ, ಸೀತೆ, ಕಾವೇರಿ ಅಂಕಿತನಾಮಗಳು. ಮೂಲ ಸಂಸ್ಕೃತದ ‘ಅಂಕ’, ಅಂದರೆ ಗುರುತು. ಗುರುತು ಹಾಕಿದ್ದು ಅಂಕಿತ.

ಸಾಹಿತ್ಯಕ್ಕೆ ಬಂದರೆ ಈ ಪದದ ಗತ್ತೇ ಬೇರೆ. 12ನೇ ಶತಮಾನದ ವಚನಕಾರರು ಸಾಮಾನ್ಯವಾಗಿ ತಮ್ಮ ಹೆಸರು ಬಿಟ್ಟು ಇಷ್ಟದೈವದ ಹೆಸರಿನಲ್ಲಿ ವಚನ ಮುಗಿಸಿದರು. ಆ ಹೆಸರೇ ಅಂಕಿತ: ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಮರೆಗೆ ಸರಿಯಲು ಹೊರಟವರು ಅಲ್ಲೇ ಸಿಕ್ಕಿಬೀಳುತ್ತಾರೆ: ಯಾರನ್ನು ಕರೆಯುತ್ತೇವೆ ಎನ್ನುವುದೇ ನಾವು ಯಾರೆಂದು ಹೇಳಿಬಿಡುತ್ತದಲ್ಲ! ಅಂಬಿಗರ ಚೌಡಯ್ಯನಿಗೆ ಆ ಮರೆಯೂ ಬೇಡವಾಯಿತು. ಕಸುಬು ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಮಾತಿನ ಖಾರಕ್ಕೆ ತಕ್ಕ ರುಜು.

ದಾಸ ಪರಂಪರೆಯಲ್ಲಿ ಅಂಕಿತವನ್ನು ಗುರು ಕೊಡುವುದು ರೂಢಿ. ವಿಜಯದಾಸರಿಂದ ಗೋಪಾಲದಾಸರು ಪಡೆದದ್ದು ‘ಗೋಪಾಲವಿಠಲ’. ಹೊಸಗನ್ನಡದ ಕಾವ್ಯನಾಮ ಇದರ ನೆಂಟ. ‘ಅಂಬಿಕಾತನಯದತ್ತ’ ಎಂಬಲ್ಲಿ ಬೇಂದ್ರೆಯವರ ತಾಯಿಯೇ ಇದ್ದಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದಿಟ್ಟ ಅಂಕಿತ ವಚನಕಾರ್ತಿ ಸೂಳೆ ಸಂಕವ್ವೆಯದು: ನಿರ್ಲಜ್ಜೇಶ್ವರ. ನಾಚಿಕೆಪಡಬೇಕೆಂದು ಲೋಕ ಬಯಸಿದ ಹೆಣ್ಣು ತನ್ನ ದೇವರಿಗೆ ಇಟ್ಟ ಹೆಸರದು. ನಮಗೆ ಸಿಕ್ಕಿರುವುದು ಆಕೆಯ ಒಂದೇ ವಚನ.