ಕಬ್ಬಿನ ಸಿಪ್ಪೆಯ ಚರಿತ್ರೆ: ಚಿಕ್ಕೋಡಿ ಸೀಮೆಯ ಇಂಧನ ಮತ್ತು ಅದರ ಒಡೆತನ

ಆರ್ಥಿಕ ಚರಿತ್ರೆಯನ್ನು ಬರೆಯುವವರು ಬೆಳೆಯನ್ನೂ ಕಂದಾಯವನ್ನೂ ಗಣನೆಗೆ ತಂದುಕೊಳ್ಳುವರೇ ಹೊರತು, ಬೆಳೆಯಿಂದ ಉಳಿಯುವ ಕಸದ ಕಡೆಗೆ ದೃಷ್ಟಿ ಹಾಯಿಸುವುದು ವಿರಳ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜೀವನದಲ್ಲಿ ಕಬ್ಬಿನ ಸಿಪ್ಪೆಗೂ ದನದ ಸಗಣಿಗೂ ಗಣನೀಯವಾದ ಸ್ಥಾನವುಂಟು. ಇಂದು ‘ಜೈವಿಕ ಇಂಧನ’ವೆಂದು ಕರೆಯಲ್ಪಡುವ ವಸ್ತು ಈ ಸೀಮೆಗೆ ಹೊಸದಲ್ಲ, ಬದಲಾದುದು ಅದರ ಒಡೆತನ. ಈ ಮಾತನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬೆಲ್ಲದ ಗಾಣವನ್ನು ನೋಡೋಣ. ರಸ ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ, ಅದನ್ನೇ ಒಲೆಗೆ ಹಾಕಿ, ಅದೇ ಕಬ್ಬಿನ ರಸವನ್ನು ಕೊಪ್ಪರಿಗೆಯಲ್ಲಿ ಕಾಯಿಸುವುದು ಇಲ್ಲಿಯ ಪದ್ಧತಿ. ಕಬ್ಬಿನ ತುದಿಯ ಹಸಿ ಗರಿ ದನಗಳಿಗೆ ಮೇವು. ಒಲೆಯ ಬೂದಿ ಹೊಲಕ್ಕೆ ಗೊಬ್ಬರ. ಕಬ್ಬು, ರಸ, ಸಿಪ್ಪೆ, ಬೂದಿ ಇವೆಲ್ಲಕ್ಕೂ ಒಡೆಯನು ರೈತನೊಬ್ಬನೇ. ಬೆಲ್ಲವೊಂದನ್ನು ಬಿಟ್ಟರೆ ಬೇರೇನೂ ಅವನ ಕೈಬಿಟ್ಟು ಹೋಗುತ್ತಿರಲಿಲ್ಲ.

1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿತವಾಯಿತು. ತರುವಾಯ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಹುಟ್ಟಿದವು. ಕಾರ್ಖಾನೆಗೆ ಬಂದ ಕಬ್ಬು ಇಡಿಯಾಗಿ ತೂಗಲ್ಪಡುತ್ತದೆ. ತಕ್ಕಡಿಯನ್ನು ದಾಟಿದೊಡನೆ ಸಿಪ್ಪೆಯೂ ಕಾರ್ಖಾನೆಯ ಸೊತ್ತು. ನೂರು ಕಿಲೋ ಕಬ್ಬಿಗೆ ಸುಮಾರು 30 ಕಿಲೋ ಸಿಪ್ಪೆ ಉಳಿಯುವುದು. ಅದರಲ್ಲಿ ಅರ್ಧದಷ್ಟು ನೀರು. ಮೊದಲಿನ ಕಡಿಮೆ ಒತ್ತಡದ ಬಾಯ್ಲರುಗಳಲ್ಲಿ ಅದು ಕಾರ್ಖಾನೆಯ ಸ್ವಂತ ಅಗತ್ಯಕ್ಕೆ ಮಾತ್ರ ಉರಿಯುತ್ತಿತ್ತು. 1994ರಲ್ಲಿ ಕೇಂದ್ರ ಸರಕಾರವು ಸಿಪ್ಪೆಯಿಂದ ವಿದ್ಯುತ್ ಉತ್ಪಾದಿಸುವ ಕಾರ್ಯಕ್ರಮವನ್ನು ಕೈಗೊಂಡ ಮೇಲೆ, ಹೆಚ್ಚಿನ ಒತ್ತಡದ ಬಾಯ್ಲರುಗಳು ಬಂದು, ಉಳಿಕೆಯ ವಿದ್ಯುತ್ತು ಸಾರ್ವಜನಿಕ ಜಾಲಕ್ಕೆ ಮಾರಾಟವಾಗತೊಡಗಿತು. ಕಾಕಂಬಿಯದೂ ಇದೇ ಕಥೆ. 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡಾ 5ರಷ್ಟು ಎಥೆನಾಲ್ ಬೆರೆಸುವ ಕ್ರಮ ಆರಂಭವಾಯಿತು; 2018ರ ನೀತಿಯು ಕಬ್ಬಿನ ರಸದಿಂದಲೇ ಎಥೆನಾಲ್ ತೆಗೆಯಲು ಅವಕಾಶವಿತ್ತಿತು.

ಹೀಗೆ ಕಸವು ಸರಕಾದ ಮೇಲೆ ಅದರ ಬೆಲೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಏಳುವುದು ಸಹಜ. ಬಾಯ್ಲರಿನ ಬಂಡವಾಳವನ್ನೂ ಸಾಲದ ಭಾರವನ್ನೂ ಕಾರ್ಖಾನೆ ಹೊತ್ತಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೂ 2012ರ ರಂಗರಾಜನ್ ಸಮಿತಿಯು ಸಕ್ಕರೆಯ ಜೊತೆಗೆ ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್‌ಗಳ ಮೌಲ್ಯವನ್ನೂ ಲೆಕ್ಕಕ್ಕೆ ಹಿಡಿದು, ಶೇಕಡಾ 70ರಷ್ಟು ಪಾಲು ಬೆಳೆಗಾರನಿಗೆ ಸಲ್ಲಬೇಕೆಂದು ಸೂಚಿಸಿತು. ಗಾಣದ ಮನೆಯಲ್ಲಿ ಪ್ರಶ್ನೆಯೇ ಆಗಿರದ ಹಕ್ಕು, ಇಲ್ಲಿ ಸಮಿತಿಯ ಶಿಫಾರಸಿನ ರೂಪದಲ್ಲಿ ಮರಳಿ ಕಾಣಿಸಿಕೊಂಡಿತು.

ಇದಕ್ಕೆ ಪ್ರತಿಯಾಗಿ ಗೋಬರ್ ಗ್ಯಾಸಿನ ಉದಾಹರಣೆಯನ್ನು ನೋಡಬಹುದು. ಕುಳ್ಳು ತಟ್ಟಿ ಉರಿಸಿದರೆ ಸಗಣಿಯ ಸಾರಜನಕ ಹೊಲಕ್ಕೆ ದಕ್ಕದು. ಖಾದಿ ಗ್ರಾಮೋದ್ಯೋಗ ಆಯೋಗವು 1960ರ ದಶಕದಿಂದ ಪ್ರಚಾರಕ್ಕೆ ತಂದ, 1981-82ರ ರಾಷ್ಟ್ರೀಯ ಯೋಜನೆ ವಿಸ್ತರಿಸಿದ ಗ್ಯಾಸ್ ಸ್ಥಾವರದಲ್ಲಿ 25 ಕಿಲೋ ಸಗಣಿಯಿಂದ ಸುಮಾರು ಒಂದು ಘನಮೀಟರ್ ಅನಿಲ ದೊರೆತು, ಬಗ್ಗಡವು ಗೊಬ್ಬರವಾಗಿ ಉಳಿಯುತ್ತದೆ. ಉರಿಯೂ ಗೊಬ್ಬರವೂ ಮನೆಯಲ್ಲೇ ಉಳಿಯುವ ಈ ವ್ಯವಸ್ಥೆ ಗಾಣದ ನೀತಿಗೆ ಹತ್ತಿರವಾದುದು. ಆದರೆ ದನವಿಲ್ಲದ ಮನೆಗೆ ಇದರಿಂದ ಪ್ರಯೋಜನವಿಲ್ಲ.

ಈ ಚರಿತ್ರೆಯ ಆಕರಗಳು ಚದರಿಹೋಗಿವೆ. ರಾಯಬಾಗವು 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆದಕಾರಣ ದಫ್ತರಗಳಷ್ಟೇ ಸಾಲವು. ಗಾಣದ ಮನೆಗಳ ಲೆಕ್ಕದ ಪುಸ್ತಕಗಳನ್ನೂ ರೈತರ ಮನೆಯಲ್ಲಿರುವ ತೂಕದ ಚೀಟಿಗಳನ್ನೂ ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಆ ಚೀಟಿಯಲ್ಲಿ ಕಬ್ಬಿನ ತೂಕವಿರುತ್ತದೆ, ಸಿಪ್ಪೆಯ ತೂಕವಿರುವುದಿಲ್ಲ. ಆ ಬರೆಯದ ತೂಕವನ್ನು ಲೆಕ್ಕಕ್ಕೆ ತರುವುದು ಚರಿತ್ರಕಾರನ ಕೆಲಸ.