ಕೊಡಗಿನ ಕಿತ್ತಳೆ

ಕೊಡಗಿನ ಕಿತ್ತಳೆಯು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಮಲೆನಾಡಿನ ಪ್ರದೇಶಗಳಲ್ಲಿಯೂ ಬೆಳೆಯುವ, ಮ್ಯಾಂಡರಿನ್ ಗುಂಪಿಗೆ ಸೇರಿದ ಹಣ್ಣು. ಇದರ ವೈಜ್ಞಾನಿಕ ಹೆಸರು ಸಿಟ್ರಸ್ ರೆಟಿಕ್ಯುಲಾಟಾ. ನಿಂಬೆ, ಬೇವಿನೆಲೆಯನ್ನು ಹೋಲುವ ಕರಿಬೇವು ಮೊದಲಾದವುಗಳಂತೆ ಇದು ರುಟೇಸಿ ಕುಟುಂಬದ ಸಸ್ಯ. ಬಹುಕಾಲದಿಂದ ಕಾಫಿ ತೋಟಗಳಲ್ಲಿ ಮಿಶ್ರಬೆಳೆಯಾಗಿಯೂ ಮನೆಯ ಹಿತ್ತಲಿನ ಮರವಾಗಿಯೂ ಬೆಳೆದುಬಂದಿರುವ ಈ ಕಿತ್ತಳೆಗೆ 2005–06ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ರೋಗಗಳ ಕಾರಣ ಇದರ ಕೃಷಿ ಬಹಳವಾಗಿ ಕ್ಷೀಣಿಸಿದೆ.

ಸಸ್ಯ ಪರಿಚಯ

ಇದು ಮುಳ್ಳುಗಳು ವಿರಳವಾಗಿರುವ, ಸದಾ ಹಸುರಾಗಿರುವ ಮಧ್ಯಮ ಗಾತ್ರದ ಮರ. ಹೂವುಗಳು ಬಿಳಿಯಾಗಿದ್ದು ಸುವಾಸನೆಯಿಂದ ಕೂಡಿರುತ್ತವೆ. ಹಣ್ಣು ಗುಂಡಗೆ ಅಥವಾ ತುಸು ಚಪ್ಪಟೆಯಾಗಿದ್ದು, ಒಳಗೆ ಸಾಮಾನ್ಯವಾಗಿ 9ರಿಂದ 11 ತೊಳೆಗಳಿರುತ್ತವೆ. ಸಿಹಿಯ ಜೊತೆಗೆ ಹಿತವಾದ ಹುಳಿ ಬೆರೆತಿರುವುದು ಇದರ ರುಚಿಯ ವೈಶಿಷ್ಟ್ಯ. ಸಿಪ್ಪೆ ಸುಲಭವಾಗಿ ಸುಲಿದುಬರುತ್ತದೆಯಾದರೂ ನಾಗಪುರದ ಕಿತ್ತಳೆಯಷ್ಟು ಸಡಿಲವಾಗಿರುವುದಿಲ್ಲ. ಹಣ್ಣು ಮಾಗಿದ ಮೇಲೆಯೂ ಸಿಪ್ಪೆಯಲ್ಲಿ ಹಸುರು ಬಣ್ಣ ಉಳಿದಿರುವುದುಂಟು. ಆದುದರಿಂದ ಬಣ್ಣವೊಂದನ್ನೇ ನೋಡಿ ಕಾಯಿಯೆಂದು ಭಾವಿಸುವಂತಿಲ್ಲ.

ಹವಾಗುಣ ಮತ್ತು ಮಣ್ಣು

ಸೇಬಿನಂತಹ ಶೀತವಲಯದ ಹಣ್ಣಿನ ಮರಗಳು ಚೆನ್ನಾಗಿ ಫಲ ಕೊಡಲು ದೀರ್ಘಕಾಲದ ಚಳಿ ಬೇಕು. ಕಿತ್ತಳೆಗೆ ಅಂತಹ ಚಳಿಯ ಅಗತ್ಯವಿಲ್ಲ. ಕೊಡಗಿನ ಹಿತಮಿತವಾದ ತಂಪು ಅದಕ್ಕೆ ಒಪ್ಪುತ್ತದೆ. ಮಾರ್ಚ್–ಏಪ್ರಿಲ್ ತಿಂಗಳ ಹೂಮಳೆಯು ಕಾಫಿಯಂತೆ ಕಿತ್ತಳೆಯನ್ನೂ ಚಿಗುರಿಸಿ ಹೂಬಿಡಿಸುತ್ತದೆ.

ಕಿತ್ತಳೆಯ ಬೇರು ನಿಂತ ನೀರನ್ನು ಸಹಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ನೀರು ಬಸಿದುಹೋಗುವ ಇಳಿಜಾರು ಜಾಗವನ್ನೇ ಆರಿಸಿಕೊಳ್ಳಬೇಕು. ಗದ್ದೆಯ ಅಂಚು, ಬಚ್ಚಲ ನೀರು ಹರಿಯುವ ಸ್ಥಳ ಮತ್ತು ಸೂರಿನ ನೀರು ಬೀಳುವ ತಾಣ ಯೋಗ್ಯವಲ್ಲ. ಮಣ್ಣಿನ ರಸಸಾರ 5.5ರಿಂದ 6.5ರಷ್ಟಿದ್ದರೆ ಉತ್ತಮ. ಕೊಡಗಿನ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುವುದರಿಂದ, ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯಕ್ಕೆ ತಕ್ಕಂತೆ ಸುಣ್ಣ ಹಾಕಲಾಗುತ್ತದೆ.

ಸಸಿಯ ಆಯ್ಕೆ

ಹಿಂದೆ ಕಿತ್ತಳೆಯನ್ನು ಹೆಚ್ಚಾಗಿ ಬೀಜದಿಂದಲೇ ಬೆಳೆಸುತ್ತಿದ್ದರು. ಈ ಹಣ್ಣಿನ ಒಂದೇ ಬೀಜದಿಂದ ಹಲವು ಮೊಳಕೆಗಳು ಬರುವುದುಂಟು. ಅವುಗಳಲ್ಲಿ ಬಹುಪಾಲು ತಾಯಿಮರದ ಅಂಗಾಂಶದಿಂದಲೇ ಹುಟ್ಟುವುದರಿಂದ ಅದರ ಗುಣಗಳನ್ನೇ ಪಡೆದಿರುತ್ತವೆ. ಬೀಜ ಒಣಗಿದರೆ ಮೊಳೆಯುವ ಶಕ್ತಿ ಕುಂದುತ್ತದೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಬೀಜದ ಸಸಿ ಫಲ ಕೊಡಲು ಸುಮಾರು 7–8 ವರ್ಷ ಹಿಡಿದರೆ, ಕಸಿ ಗಿಡ 4–5 ವರ್ಷಗಳಲ್ಲಿ ಫಲಕ್ಕೆ ಬರುತ್ತದೆ. ಕಣ್ಣು ಕಸಿಗೆ ರಂಗಪುರ ನಿಂಬೆ, ಟ್ರೈಫೋಲಿಯೇಟ್ ಮೊದಲಾದ ಬೇರುಸಸಿಗಳನ್ನು ಬಳಸುತ್ತಾರೆ.

ಕಸಿಯಲ್ಲಿ ಒಂದು ಅಪಾಯವಿದೆ. ಗ್ರೀನಿಂಗ್ ಮತ್ತು ಟ್ರಿಸ್ಟೆಜಾ ರೋಗಗಳು ಕಸಿಕಡ್ಡಿಯ ಮೂಲಕ ಹೊಸ ಗಿಡಕ್ಕೆ ದಾಟುತ್ತವೆ. ತಾಯಿಮರವು ನೋಡಲು ಆರೋಗ್ಯವಾಗಿ ಕಂಡರೂ ಒಳಗೆ ರೋಗವನ್ನು ಹೊತ್ತಿರಬಹುದು. ಆದಕಾರಣ ಪರೀಕ್ಷಿಸಿದ ತಾಯಿಮರಗಳಿಂದ, ಕೀಟ ನುಸುಳದ ಬಲೆಮನೆಯಲ್ಲಿ ಬೆಳೆಸಿದ ಸಸಿಗಳನ್ನೇ ಕೊಳ್ಳಬೇಕು.

ನಾಟಿ ಮತ್ತು ಆರೈಕೆ

ಸುಮಾರು 6 ಮೀಟರ್ ಅಂತರದಲ್ಲಿ, ಉದ್ದ, ಅಗಲ ಮತ್ತು ಆಳ ತಲಾ 60 ಸೆಂಟಿಮೀಟರ್ ಇರುವ ಗುಂಡಿ ತೆಗೆದು, ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಿಂದ ತುಂಬಬೇಕು. ಮುಂಗಾರಿನ ಆರಂಭದಲ್ಲಿ, ಮಳೆ ಬಹಳ ಬೀಳುವ ಕಡೆಗಳಲ್ಲಿ ಮಳೆಯ ರಭಸ ಇಳಿದ ನಂತರ, ಸಸಿ ನೆಡಲಾಗುತ್ತದೆ. ಕಸಿ ಕಟ್ಟಿದ ಗಂಟು ನೆಲಮಟ್ಟದಿಂದ ಸುಮಾರು 15 ಸೆಂಟಿಮೀಟರ್ ಮೇಲಿರಬೇಕು. ಗಂಟು ಮಣ್ಣಿನಲ್ಲಿ ಹೂತರೆ ಬುಡಕೊಳೆ ತಗಲುತ್ತದೆ. ಗಂಟಿನ ಕೆಳಗೆ, ಬೇರುಸಸಿಯಿಂದ ಹೊರಡುವ ಚಿಗುರುಗಳನ್ನು ಕಂಡಾಗಲೆಲ್ಲ ತೆಗೆಯಬೇಕು. ಇಲ್ಲವಾದರೆ ಕಿತ್ತಳೆ ಸೊರಗಿ ಕಾಡುನಿಂಬೆಯೇ ಮರವಾಗುತ್ತದೆ.

ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ ಬುಡದಲ್ಲಿ ಆಳವಾಗಿ ಅಗೆಯಬಾರದು. ಬೇಸಿಗೆಯಲ್ಲಿ ತರಗೆಲೆಯ ಮುಚ್ಚಿಗೆ ಹಾಕುವುದು ಒಳ್ಳೆಯದು. ಅದು ಕಾಂಡಕ್ಕೆ ತಾಗದಂತೆ ಒಂದಿಷ್ಟು ಜಾಗ ಬಿಡಬೇಕು. ಒಣಗಿದ ರೆಂಬೆಗಳನ್ನೂ ಬಂದಳಿಕೆಯನ್ನೂ ಕೊಯ್ಲಿನ ನಂತರ ಕತ್ತರಿಸಿ, ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚುವುದು ರೂಢಿ. 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣವನ್ನು ಬೇರೆ ಬೇರೆಯಾಗಿ ಕರಗಿಸಿ, ಒಟ್ಟು 10 ಲೀಟರ್ ನೀರಿನಲ್ಲಿ ಬೆರೆಸಿದರೆ ಈ ಮುಲಾಮು ಸಿದ್ಧವಾಗುತ್ತದೆ. ಕಾಫಿ ತೋಟದಲ್ಲಿ ನೆರಳು ದಟ್ಟವಾದರೆ ಕಿತ್ತಳೆಯು ಬೆಳಕನ್ನರಸಿ ಎತ್ತರಕ್ಕೆ ಬೆಳೆದು, ಫಲ ಕಡಿಮೆಯಾಗುತ್ತದೆ.

ರೋಗಗಳು ಮತ್ತು ಕೀಟಗಳು

ಗ್ರೀನಿಂಗ್ ರೋಗವು ಎಲ್ಲಕ್ಕಿಂತ ಮಾರಕವಾದುದು. ಗಿಡದ ಆಹಾರನಾಳದಲ್ಲಿ ನೆಲೆಸುವ ಒಂದು ಬ್ಯಾಕ್ಟೀರಿಯ ಇದಕ್ಕೆ ಕಾರಣ. ಸಿಲ್ಲಾ ಎಂಬ ಪುಟ್ಟ ಕೀಟವು ಎಳೆ ಚಿಗುರಿನ ರಸ ಹೀರುವಾಗ ಇದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ. ರೋಗ ತಗಲಿದ ಮರದ ಒಂದೊಂದೇ ರೆಂಬೆ ಹಳದಿಯಾಗಿ, ಹಣ್ಣು ಚಿಕ್ಕದಾಗಿ ಓರೆಯಾಗುತ್ತದೆ. ಕ್ರಮೇಣ ಮರ ತುದಿಯಿಂದ ಒಣಗುತ್ತಾ ಬರುತ್ತದೆ. ರೋಗ ಹಿಡಿದ ಮರವನ್ನು ಸಂಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ.

ಸತುವಿನ ಕೊರತೆಯಿಂದಲೂ ಎಲೆ ಹಳದಿಯಾಗುವುದರಿಂದ ಎರಡರ ವ್ಯತ್ಯಾಸವನ್ನು ಅರಿಯುವುದು ಮುಖ್ಯ. ಕೊರತೆಯಲ್ಲಿ ಎಲೆಯ ನಡುನರದ ಎರಡೂ ಬದಿಗಳಲ್ಲಿ ಹಳದಿ ಒಂದೇ ರೀತಿಯಾಗಿ ಕಾಣುತ್ತದೆ. ಗ್ರೀನಿಂಗ್ ರೋಗದಲ್ಲಿ ಒಂದು ಬದಿಯ ಮಚ್ಚೆ ಇನ್ನೊಂದು ಬದಿಯನ್ನು ಹೋಲುವುದಿಲ್ಲ. ಕೊರತೆಯಾಗಿದ್ದರೆ 100 ಲೀಟರ್ ನೀರಿಗೆ 500 ಗ್ರಾಂ ಸತುವಿನ ಸಲ್ಫೇಟ್ ಮತ್ತು 250 ಗ್ರಾಂ ಸುಣ್ಣ ಬೆರೆಸಿ ಸಿಂಪಡಿಸಿದಾಗ ಹೊಸ ಚಿಗುರು ಹಸುರಾಗಿ ಬರುತ್ತದೆ. ಆದರೆ ರೋಗಪೀಡಿತ ಮರದಲ್ಲಿ ಸತುವಿನ ಕೊರತೆಯೂ ಕೂಡಿರಬಹುದಾದ ಕಾರಣ, ಸಂದೇಹವಿದ್ದಾಗ ಪ್ರಯೋಗಾಲಯದ ಪರೀಕ್ಷೆಯೇ ನಿರ್ಣಾಯಕ.

ಹಿತ್ತಲಿನಲ್ಲಿ ಕಿತ್ತಳೆ ಬೆಳೆಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಿಲ್ಲಾ ಕೀಟವು ಕರಿಬೇವಿನ ಚಿಗುರಿನಲ್ಲಿಯೂ ಮೊಟ್ಟೆಯಿಟ್ಟು ಬೆಳೆಯುತ್ತದೆ. ಆದುದರಿಂದ ಕಿತ್ತಳೆಯ ಪಕ್ಕದಲ್ಲಿ ಕರಿಬೇವನ್ನು ಬೆಳೆಸದಿರುವುದು ಲೇಸು. ಇದ್ದರೆ ಅದರ ಚಿಗುರನ್ನೂ ಪರಿಶೀಲಿಸುತ್ತಿರಬೇಕು.

ಟ್ರಿಸ್ಟೆಜಾ ಎಂಬುದು ಸಸ್ಯಹೇನುಗಳಿಂದ ಹರಡುವ ನಂಜುರೋಗ. ಫೈಟಾಫ್ತೊರಾ ರೋಗಾಣುವು ನೀರು ನಿಲ್ಲುವ ಕಡೆ ಬೇರು ಮತ್ತು ಬುಡವನ್ನು ಕೊಳೆಯಿಸಿ, ತೊಗಟೆಯಿಂದ ಅಂಟು ಸೋರುವಂತೆ ಮಾಡುತ್ತದೆ; ಬಸಿಗಾಲುವೆ ಮತ್ತು ಮಳೆಗಾಲಕ್ಕೆ ಮುಂಚೆ ಬುಡಕ್ಕೆ ಬಳಿಯುವ ಬೋರ್ಡೋ ಮುಲಾಮು ಇದನ್ನು ತಡೆಯಲು ನೆರವಾಗುತ್ತವೆ. ಹಣ್ಣುನೊಣದ ಬಾಧೆಗೆ ಉದುರಿದ ಹಣ್ಣುಗಳನ್ನು ಆಯ್ದು ಹೂಳುವುದು, ಮೀಥೈಲ್ ಯೂಜಿನಾಲ್ ಬಲೆ ಕಟ್ಟುವುದು ಪರಿಹಾರಗಳು.

ಕೊಯ್ಲು

ಹೂವಿನಿಂದ ಹಣ್ಣಾಗಲು ಸುಮಾರು 8–9 ತಿಂಗಳು ಬೇಕಾಗುತ್ತದೆ. ವರ್ಷದ ಕೊನೆಯಿಂದ ಮುಖ್ಯ ಬೆಳೆಯೂ, ಮಳೆಗಾಲದಲ್ಲಿ ಇನ್ನೊಂದು ಬೆಳೆಯೂ ದೊರೆಯುತ್ತದೆ. ಮಾವು, ಬಾಳೆಗಳಂತೆ ಕಿತ್ತಳೆಯು ಕೊಯ್ದ ಮೇಲೆ ಮಾಗಿ ಸಿಹಿಯಾಗುವುದಿಲ್ಲ, ಮರದಲ್ಲಿಯೇ ಪಕ್ವವಾಗಬೇಕು. ಕೈಯಿಂದ ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಹರಿದು ಹಣ್ಣು ಬೇಗ ಕೊಳೆಯುವುದರಿಂದ ಕತ್ತರಿಯಿಂದ ಕೊಯ್ಯುವುದು ಸರಿಯಾದ ಕ್ರಮ.

ಅವನತಿ ಮತ್ತು ಪುನಶ್ಚೇತನ

ಗ್ರೀನಿಂಗ್, ಟ್ರಿಸ್ಟೆಜಾ ಮತ್ತು ಬೇರುಕೊಳೆಗಳು ಒಟ್ಟಾಗಿ ಕೊಡಗಿನ ಕಿತ್ತಳೆಯನ್ನು ಕುಗ್ಗಿಸಿದವು. ಕಾಫಿ ಮತ್ತು ಕಾಳುಮೆಣಸಿನ ಆದಾಯದ ಮುಂದೆ, ಸತ್ತ ಕಿತ್ತಳೆ ಮರದ ಜಾಗದಲ್ಲಿ ಮತ್ತೆ ಕಿತ್ತಳೆ ನೆಡುವ ಉತ್ಸಾಹವೂ ಇಳಿಯಿತು. ಈಗ ಜಿಲ್ಲೆಯ ರಸ್ತೆಬದಿಯ ಅಂಗಡಿಗಳಲ್ಲಿ ನಾಗಪುರದ ಹಣ್ಣು ಕೊಡಗಿನ ಹೆಸರಿನಲ್ಲಿ ಮಾರಾಟವಾಗುವುದುಂಟು.

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಚೆಟ್ಟಳ್ಳಿಯ ಪ್ರಯೋಗ ಕೇಂದ್ರವು ಈ ಕಿತ್ತಳೆಯ ಬಗ್ಗೆ ಸಂಶೋಧನೆ ನಡೆಸುತ್ತಾ ಬಂದಿದೆ. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವು ಗೋಣಿಕೊಪ್ಪಲಿನಲ್ಲಿದೆ. ಆದರೆ ಸಿಲ್ಲಾ ಕೀಟಕ್ಕೆ ಬೇಲಿಯ ಅಡ್ಡಿಯಿಲ್ಲ. ಒಂದು ಹಿತ್ತಲಿನಲ್ಲಿ ಉಳಿದ ರೋಗಪೀಡಿತ ಮರವು ಸುತ್ತಲಿನ ತೋಟಗಳಿಗೆಲ್ಲ ಸೋಂಕಿನ ಮೂಲವಾಗುತ್ತದೆ. ಆದಕಾರಣ ರೋಗ ಖಚಿತವಾದ ಮರವನ್ನು, ಅದು ಇನ್ನೂ ಅಷ್ಟಿಷ್ಟು ಹಣ್ಣು ಕೊಡುತ್ತಿದ್ದರೂ, ಮೊದಲು ಸಿಲ್ಲಾ ಕೀಟವನ್ನು ಹತೋಟಿಗೆ ತಂದು ಬಳಿಕ ಬುಡಸಮೇತ ತೆಗೆಯುವುದು, ನೆರೆಹೊರೆಯ ಬೆಳೆಗಾರರು ಒಟ್ಟಿಗೆ ಕೀಟ ನಿಯಂತ್ರಿಸುವುದು ಮತ್ತು ರೋಗಮುಕ್ತ ಸಸಿಯನ್ನೇ ನೆಡುವುದು ಪುನಶ್ಚೇತನದ ಮುಖ್ಯ ಕ್ರಮಗಳಾಗಿವೆ.