ಫುಲ್ ಫ್ರೇಮ್ ಎಂದರೆ ಎಷ್ಟು ಫುಲ್?

ಕಳೆದ ಚಳಿಗಾಲದ ಒಂದು ಭಾನುವಾರ ಗುರುಗ್ರಾಮದ ಪಕ್ಕದ ಸುಲ್ತಾನ್‌ಪುರ ಕೆರೆಗೆ ಹೋಗಿದ್ದೆವು. ಜೊತೆಗೆ ಬಂದಿದ್ದ ನಮ್ಮ ಆಫೀಸಿನ ಹುಡುಗ, ಹಾಸನದ ಕಡೆಯವನು, ಕ್ಯಾಮೆರಾ ಕೆಳಗಿಳಿಸಿ ಕೇಳಿದ: “ಸರ್, ಈ ಕ್ರಾಪ್ ಸೆನ್ಸರ್ ಮಾರಿ ಫುಲ್ ಫ್ರೇಮ್ ತಗೊಂಡುಬಿಡ್ಲಾ? ಇಎಂಐ ಸಿಗುತ್ತೆ.”

ಅವನ ಕ್ಯಾಮೆರಾಗೆ ಏನೂ ಆಗಿರಲಿಲ್ಲ. ನೀರಿನಾಚೆಯ ಜಾಲಿಮರದ ಮೇಲೆ ಕೂತಿದ್ದ ಬಣ್ಣದ ಕೊಕ್ಕರೆ ಚೆನ್ನಾಗಿಯೇ ಬಂದಿತ್ತು. ಅವನನ್ನು ಕಾಡುತ್ತಿದ್ದದ್ದು ಆ ಎರಡು ಪದಗಳು. ಒಂದು ‘ಕತ್ತರಿಸಿದ್ದು’, ಇನ್ನೊಂದು ‘ಪೂರ್ಣ’. ತಿಂಗಳುಗಟ್ಟಲೆ ಕಂತು ಕಟ್ಟಿ ಪೂರ್ಣವಾದದ್ದನ್ನು ಕೊಳ್ಳಲು ಹೊರಡುವವರು ಅದು ಯಾವುದರ ಲೆಕ್ಕದಲ್ಲಿ ಪೂರ್ಣ ಎಂದು ಒಮ್ಮೆ ಕೇಳಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಗಾಜಿನ ಪ್ಲೇಟುಗಳ ಕಾಲದಲ್ಲಿ ಸ್ಟುಡಿಯೋಗಳಲ್ಲಿ ‘ಫುಲ್ ಪ್ಲೇಟ್’ ಎಂಬ ಅಳತೆಯಿತ್ತು: ಆರೂವರೆ ಇಂಚು, ಎಂಟೂವರೆ ಇಂಚು. ಅದರ ಕೆಳಗೆ ಹಾಫ್ ಪ್ಲೇಟ್, ಕ್ವಾರ್ಟರ್ ಪ್ಲೇಟ್. ಇಂದು ನಾವು ಫುಲ್ ಫ್ರೇಮ್ ಎನ್ನುವ 36×24 ಮಿಲಿಮೀಟರಿನ ಸೆನ್ಸರನ್ನು ಆ ಫುಲ್ ಪ್ಲೇಟಿನ ಮೇಲೆ ಜೋಡಿಸುತ್ತ ಹೋದರೆ ಅದರ ವಿಸ್ತೀರ್ಣ ತುಂಬಲು ನಲವತ್ತಕ್ಕೂ ಹೆಚ್ಚು ಬೇಕು. ಆ ಕಾಲದ ಫೋಟೋಗ್ರಾಫರ್ ಇದನ್ನು ಪೂರ್ಣ ಎಂದು ಕರೆಯುವುದು ದೂರದ ಮಾತು, ಕಾಲು ಎಂದೂ ಒಪ್ಪುತ್ತಿರಲಿಲ್ಲ.

ಈ 36×24 ಹುಟ್ಟಿದ್ದು ಸಿನಿಮಾದಿಂದ. 1890ರ ದಶಕದಲ್ಲಿ ಎಡಿಸನ್ ಪ್ರಯೋಗಶಾಲೆಯ ಕೆಲಸದಿಂದ 35 ಮಿಲಿಮೀಟರ್ ಅಗಲದ ಫಿಲ್ಮ್ ಬಳಕೆಗೆ ಬಂತು. ಸಿನಿಮಾ ಕ್ಯಾಮೆರಾದಲ್ಲಿ ಅದು ಮೇಲಿನಿಂದ ಕೆಳಕ್ಕೆ ಓಡುತ್ತದೆ. ಎರಡು ಬದಿಯ ತೂತುಗಳ ನಡುವೆ ಸಿಗುವ ಚಿತ್ರದ ಅಳತೆ ಸುಮಾರು 24×18. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಆಸ್ಕರ್ ಬರ್ನಾಕ್ ಅದೇ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಚೌಕಟ್ಟುಗಳ ಜಾಗವನ್ನು ಒಂದು ಸ್ಥಿರಚಿತ್ರಕ್ಕೆ ಕೊಟ್ಟ. ಅದೇ ಲೈಕಾ, ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಆಗ ಅಂಥ ಕ್ಯಾಮೆರಾಗಳಿಗಿದ್ದ ಹೆಸರು ‘ಮಿನಿಯೇಚರ್’. ಜನ ಅದನ್ನು ಕೊಂಡದ್ದು ಕೋಟಿನ ಜೇಬಿಗೆ ಹಿಡಿಸುತ್ತಿತ್ತು ಎಂದು.

ಇನ್ನು ಮೂಲ ಸಿನಿಮಾ ಚೌಕಟ್ಟಿನ ಕಥೆ. ಧ್ವನಿಪಟ್ಟಿಗೆ ಜಾಗ ಬಿಟ್ಟ ಮೇಲೆ ಅದು ಸುಮಾರು 22×16 ಮಿಲಿಮೀಟರಿಗೆ ಇಳಿಯಿತು. ಇಂದಿನ ಕ್ರಾಪ್ ಸೆನ್ಸರಿನ ಅಗಲ 22ರಿಂದ 24 ಮಿಲಿಮೀಟರ್, ಎತ್ತರ 15ರಿಂದ 16. ಎರಡೂ ಹೆಚ್ಚುಕಡಿಮೆ ಒಂದೇ. ಮೈಸೂರಿನ ವಿ.ಕೆ. ಮೂರ್ತಿಯವರು 1957ರಲ್ಲಿ ಗುರುದತ್ತರ ‘ಪ್ಯಾಸಾ’ ಚಿತ್ರೀಕರಿಸಿದ್ದು 35 ಎಂಎಂ ಸಿನಿಮಾ ಫಿಲ್ಮಿನ ಇಷ್ಟೇ ಜಾಗದ ಮೇಲೆ. ಎರಡು ವರ್ಷದ ನಂತರ ‘ಕಾಗಜ್ ಕೆ ಫೂಲ್’ ಸಿನಿಮಾಸ್ಕೋಪಿನಲ್ಲಿ ಬಂದಾಗಲೂ ಫಿಲ್ಮಿನ ಅಗಲ ಹೆಚ್ಚಲಿಲ್ಲ; ಹರವಾದ ನೋಟವನ್ನು ಅಡ್ಡಕ್ಕೆ ಕುಗ್ಗಿಸುವ ಲೆನ್ಸ್ ಬಂತು, ಅಷ್ಟೆ. ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಅವರು ಮೂಡಿಸಿದ ಆ ಬೆಳಕಿನ ಕೋಲನ್ನು ಇವತ್ತಿಗೂ ಛಾಯಾಗ್ರಹಣದ ಪಾಠದಲ್ಲಿ ತೋರಿಸುತ್ತಾರೆ. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಮೂರ್ತಿಯವರ ಚೌಕಟ್ಟನ್ನು ಯಾರೂ ‘ಕ್ರಾಪ್’ ಎನ್ನಲಿಲ್ಲ.

ಹಾಗಾದರೆ ಈ ಪದ ಬಂದದ್ದು ಎಲ್ಲಿಂದ? ಡಿಜಿಟಲ್ ಕಾಲದ ಬೆಲೆಪಟ್ಟಿಯಿಂದ. ಸೆನ್ಸರುಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ಮಾಡಿ ಕತ್ತರಿಸುತ್ತಾರೆ. ಸೆನ್ಸರ್ ದೊಡ್ಡದಾದಷ್ಟೂ ಒಂದು ಬಿಲ್ಲೆಗೆ ಸಿಗುವ ಸಂಖ್ಯೆ ಕಡಿಮೆ. ಅದರ ಮೇಲೆ, ಬಿಲ್ಲೆಯಲ್ಲಿ ಎಲ್ಲೋ ಒಂದು ದೋಷವಿದ್ದರೆ ಚಿಕ್ಕದರಲ್ಲಿ ಒಂದು ಚೂರು ಹಾಳಾಗುತ್ತದೆ, ದೊಡ್ಡದರಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಹಾಗಾಗಿ 1991ರ ಕೊಡಾಕ್ ಡಿಸಿಎಸ್, 1999ರ ನಿಕಾನ್ ಡಿ1, ಎರಡರಲ್ಲೂ ಚಿಕ್ಕ ಸೆನ್ಸರೇ ಇತ್ತು. ಆದರೆ ಕೊಳ್ಳುವವರ ಚೀಲದಲ್ಲಿದ್ದದ್ದು ಫಿಲ್ಮ್ ಕಾಲದ ಲೆನ್ಸುಗಳು. ನಿಕಾನಿನ ಎಫ್ ಮೌಂಟ್ 1959ರದ್ದು, ಕ್ಯಾನನ್ನಿನ ಇಎಫ್ 1987ರದ್ದು. ಆ ಲೆನ್ಸುಗಳನ್ನು ಹೊಸ ಕ್ಯಾಮೆರಾಗೆ ಹಾಕಿದಾಗ ನೋಟದ ಅಂಚುಗಳು ಹೊರಗುಳಿದವು. 28 ಎಂಎಂ ಲೆನ್ಸು 42ರ ಹಾಗೆ ಕಂಡಿತು. ‘ಕ್ರಾಪ್’ ಎಂಬುದು ಹಳೆಯ ಲೆನ್ಸಿನ ಯಜಮಾನ ಆಡಿದ ದೂರು. ‘ಫುಲ್’ ಎಂದರೆ ಆ ಲೆನ್ಸು ಫಿಲ್ಮಿನ ಮೇಲೆ ತೋರುತ್ತಿದ್ದಷ್ಟೇ ನೋಟ ಮರಳಿ ಸಿಕ್ಕಿತು ಎಂದು. ಕ್ಯಾನನ್ 2002ರಲ್ಲಿ ಇಓಎಸ್-1ಡಿಎಸ್ ಮೂಲಕ, ನಿಕಾನ್ 2007ರಲ್ಲಿ ಡಿ3 ಮೂಲಕ ಅದನ್ನು ಮರಳಿಸಿದವು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 2003ರಲ್ಲಿ ಚಿಕ್ಕ ಸೆನ್ಸರಿಗೆಂದೇ ಲೆನ್ಸುಗಳು ಬಂದವು: ನಿಕಾನಿನ 12-24 ಡಿಎಕ್ಸ್, ಕ್ಯಾನನ್ 300ಡಿ ಜೊತೆಗೆ ಬಂದ 18-55 ಇಎಫ್-ಎಸ್. ಪ್ರತಿ ಲೆನ್ಸೂ ಒಳಗೆ ದುಂಡಗೆ ಒಂದು ಬೆಳಕಿನ ವೃತ್ತ ಬೀಳಿಸುತ್ತದೆ. ಫುಲ್ ಫ್ರೇಮಿಗೆ ಆ ವೃತ್ತದ ವ್ಯಾಸ 43 ಮಿಲಿಮೀಟರಾದರೂ ಬೇಕು, ಕ್ರಾಪಿಗೆ 28 ಸಾಕು. ವೃತ್ತ ಚಿಕ್ಕದಾದರೆ ವೈಡ್ ಲೆನ್ಸಿನ ಗಾಜು, ತೂಕ, ಬೆಲೆ ಮೂರೂ ಇಳಿಯುತ್ತವೆ. ಉದ್ದನೆಯ ಟೆಲಿ ಲೆನ್ಸಿನಲ್ಲಿ ಈ ಉಳಿತಾಯ ಕಡಿಮೆ. ಅದಕ್ಕೇ 300 ಎಂಎಂ ದಾಟಿದ ಮೇಲೆ ಕ್ರಾಪಿಗೆಂದೇ ಮಾಡಿದ ಲೆನ್ಸು ಸಿಗುವುದು ಅಪರೂಪ.

ಇಲ್ಲಿ ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೋನಸ್ ಬಂದ ಹುಮ್ಮಸ್ಸಿನಲ್ಲಿ 24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಬಾಡಿ ಕೊಂಡೆ. ಲೆನ್ಸುಗಳಿಗೆ ದುಡ್ಡು ಉಳಿಯಲಿಲ್ಲ. ಹಳೆಯ ಕ್ರಾಪ್ ಲೆನ್ಸುಗಳನ್ನೇ ಹಾಕಿದೆ. ಕ್ಯಾಮೆರಾ ತಾನಾಗಿ ನಡುವಿನ ಭಾಗವನ್ನಷ್ಟೇ ಬಳಸಿ ಹತ್ತು ಮೆಗಾಪಿಕ್ಸೆಲಿನ ಆಸುಪಾಸಿನ ಚಿತ್ರ ಕೊಟ್ಟಿತು. ಎರಡು ವರ್ಷ ಫುಲ್ ಫ್ರೇಮಿನ ಭಾರ ಹೊತ್ತು ಕ್ರಾಪ್ ಫೋಟೋ ತೆಗೆದೆ. ಕ್ಯಾನನ್ ಡಿಎಸ್ಎಲ್ಆರ್‌ಗಳಲ್ಲಾದರೆ ಇಎಫ್-ಎಸ್ ಲೆನ್ಸು ಫುಲ್ ಫ್ರೇಮ್ ಬಾಡಿಗೆ ಕೂರುವುದೇ ಇಲ್ಲ.

ದೊಡ್ಡ ಸೆನ್ಸರಿನ ಲಾಭ ಸುಳ್ಳಲ್ಲ. ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಅಷ್ಟು ಬೆಳಕು ಹೆಚ್ಚು ಸೇರುತ್ತದೆ. ಮದುವೆ ಛತ್ರದ ಒಳಗೆ, ನಾಟಕದ ರಂಗದ ಮುಂದೆ, ಇಲ್ಲಿನ ಜನವರಿಯ ಮಂಜಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಆದರೆ ಸುಲ್ತಾನ್‌ಪುರದಲ್ಲಿ ಹಕ್ಕಿ ನೀರಿನಾಚೆ ಇರುತ್ತದೆ, ನಾವು ದಾರಿ ಬಿಟ್ಟು ಇಳಿಯುವಂತಿಲ್ಲ. ಇಬ್ಬರ ಬಳಿಯೂ 24 ಮೆಗಾಪಿಕ್ಸೆಲ್, ಅದೇ 300 ಎಂಎಂ ಲೆನ್ಸ್ ಇದ್ದರೆ, ಬಿಸಿಲಿರುವಾಗ ಆ ದೂರದ ಕೊಕ್ಕರೆಯ ಮೇಲೆ ಕ್ರಾಪ್ ಸೆನ್ಸರು ಎರಡು ಪಟ್ಟಿಗೂ ಹೆಚ್ಚು ಪಿಕ್ಸೆಲ್ ಇಡುತ್ತದೆ. ಅದೇ ಬಣ್ಣದ ಕೊಕ್ಕರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲ ಹುಣಸೆಮರದಲ್ಲೇ ಗೂಡು ಕಟ್ಟುತ್ತದೆ. ಅಲ್ಲಿ ಈ ಲೆಕ್ಕವೆಲ್ಲ ಬೇಕಾಗುವುದಿಲ್ಲ.

ಹುಡುಗನಿಗೆ ಇಷ್ಟನ್ನೇ ಹೇಳಿದೆ: ವೈಡ್ ಲೆನ್ಸನ್ನು ಇವತ್ತು ಕೈಯಲ್ಲಿರುವ ಸೆನ್ಸರಿಗೆ ಸರಿಯಾಗಿ ಕೊಳ್ಳು, ಟೆಲಿ ಲೆನ್ಸನ್ನು ನಾಳೆ ಬರಬಹುದಾದ ಸೆನ್ಸರಿಗೂ ಆಗುವ ಹಾಗೆ ಕೊಳ್ಳು. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಅಷ್ಟು ಬೇಗ ಹಳತಾಗುವುದಿಲ್ಲ.

ಮುಂದಿನ ವಾರ ಇಬ್ಬರೂ ಚಾಂದನಿ ಚೌಕದ ಕೂಚಾ ಚೌಧರಿ ಕ್ಯಾಮೆರಾ ಗಲ್ಲಿಗೆ ಹೋದೆವು. ಎರಡೂ ಬಗೆಯ ಸೆನ್ಸರಿಗೆ ಆಗುವ ಒಂದು ಸೆಕೆಂಡ್ ಹ್ಯಾಂಡ್ ಟೆಲಿ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಫಂಗಸ್ ಇಲ್ಲವೆಂದು ನೋಡಿ, ಚೌಕಾಸಿ ಮಾಡಿ ಕೊಂಡ. ಇಎಂಐ ಬೇಕಾಗಲಿಲ್ಲ. ಕ್ಯಾಮೆರಾ ಹಳೆಯದೇ ಇದೆ.